ಸಕ್ಕರೆ ಕಾಯಿಲೆಯ ಜೊತೆ ವ್ರತ-ನಿಯಮ: ಆರೋಗ್ಯದ ಲೆಕ್ಕ ನಮ್ಮ ಕೈಯಲ್ಲಿರಲಿ

ಅನಂತ ಚತುರ್ದಶಿಯ ದಿನ. ಬಸದಿಯಲ್ಲಿ ಬೆಳಗಿನ ಅಭಿಷೇಕ, ಪೂಜೆ ಮುಗಿದಿದೆ. ಅರವತ್ತೈದು ದಾಟಿದ ಒಬ್ಬ ಶ್ರಾವಕರು ಉಪವಾಸದಲ್ಲಿದ್ದಾರೆ. ಹತ್ತು ವರ್ಷದಿಂದ ಶುಗರ್ ಇದೆ. ದಿನನಿತ್ಯದ ಅಭ್ಯಾಸದಂತೆ ಸೂರ್ಯೋದಯದ ನಂತರ ಒಂದು ಗುಟುಕು ನೀರಿನಲ್ಲಿ ಮಾತ್ರೆ ನುಂಗಿಯೇ ಬಂದಿದ್ದಾರೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಪಕ್ಕದಲ್ಲಿದ್ದವರು “ಉಪವಾಸದ ಆಯಾಸ, ಸ್ವಲ್ಪ ಹೊತ್ತು ಒರಗಿಕೊಳ್ಳಿ” ಎಂದು ಕಂಬಕ್ಕೆ ಒರಗಿಸಿ ಕೂರಿಸುತ್ತಾರೆ.

ಅದು ಆಯಾಸವಲ್ಲ. ಹೊಟ್ಟೆಗೆ ಏನೂ ಬಿದ್ದಿಲ್ಲ, ಮಾತ್ರೆ ಮಾತ್ರ ತನ್ನ ಕೆಲಸ ಮಾಡುತ್ತಿದೆ. ರಕ್ತದಲ್ಲಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದೆ. ಆ ಹೊತ್ತಿಗೆ ಬೇಕಾದದ್ದು ಮೂರು ಚಮಚ ಸಕ್ಕರೆ. ಹಾಗೇ ಬಿಟ್ಟರೆ ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯವಾಗಬಹುದು.

ಪರ್ವದ ದಿನಗಳಲ್ಲಿ ಯಾವ ಊರಿನ ಬಸದಿಯಲ್ಲಾದರೂ ಹೀಗಾಗಬಹುದು. ಮಾತ್ರೆ ಬರೆದ ವೈದ್ಯರಿಗೆ ಉಪವಾಸದ ವಿಷಯ ಗೊತ್ತಿರುವುದಿಲ್ಲ. ನಿಯಮ ಕೊಟ್ಟ ಮುನಿಗಳಿಗೆ ಅಥವಾ ಮಾತಾಜಿಯವರಿಗೆ ಮಾತ್ರೆಯ ವಿಷಯ ಗೊತ್ತಿರುವುದಿಲ್ಲ. ಎರಡೂ ಗೊತ್ತಿರುವವರು ಒಬ್ಬರೇ, ಕಾಯಿಲೆ ಇರುವವರು. ಹಾಗಾಗಿ ಎರಡನ್ನೂ ಒಂದೇ ಕಡೆ ಸೇರಿಸಿ ನೋಡುವ ಕೆಲಸವೂ ಅವರ ಮೇಲೇ ಬೀಳುತ್ತದೆ. ಆ ಕೆಲಸವನ್ನು ಹೇಗೆ ಮಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ವೈದ್ಯರಿಗೆ ಹತ್ತು ನಿಮಿಷ, ಉಳಿದದ್ದು ಮನೆಯವರಿಗೆ

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಡೀ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ವ್ಯಾಪಾರ ಮಾಡುವವರ ಮನೆಗಳಲ್ಲಿ ಇದು ಹೊಸ ಸುದ್ದಿಯೇನಲ್ಲ. ಅಜ್ಜನಿಗಿತ್ತು, ತಂದೆಗೆ ಬಂತು, ಈಗ ನಲವತ್ತರ ಮಗನಿಗೂ ಬಂದಿದೆ ಎನ್ನುವ ಮನೆಗಳು ಬೇಕಾದಷ್ಟಿವೆ.

ಜ್ವರಕ್ಕೆ ವೈದ್ಯರು ಔಷಧಿ ಕೊಡುತ್ತಾರೆ, ಐದು ದಿನದಲ್ಲಿ ವಾಸಿಯಾಗುತ್ತದೆ, ವ್ಯವಹಾರ ಮುಗಿಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಹಾಗಲ್ಲ. ಅವು ಬಹುಪಾಲು ಜನರಿಗೆ ಜೀವನಪರ್ಯಂತದ ಖಾತೆ. ಮೂರು ತಿಂಗಳಿಗೊಮ್ಮೆ ವೈದ್ಯರ ಮುಂದೆ ಕೂರುವುದು ಹತ್ತು ನಿಮಿಷ. ಉಳಿದ ದಿನಗಳಲ್ಲಿ ಏನು ತಿನ್ನಬೇಕು, ಮಾತ್ರೆ ಯಾವಾಗ, ನಡಿಗೆ ಎಷ್ಟು, ಉಪವಾಸ ಮಾಡಬಹುದೇ ಎಂಬುದೆಲ್ಲ ಮನೆಯಲ್ಲೇ ತೀರ್ಮಾನವಾಗುತ್ತದೆ. ಅಂಗಡಿಯನ್ನು ಲೆಕ್ಕಪರಿಶೋಧಕರು ನಡೆಸುವುದಿಲ್ಲ, ಮಾಲೀಕರೇ ನಡೆಸಬೇಕು. ಇಲ್ಲಿಯೂ ಅಷ್ಟೇ.

ಒಂದು ಕಿರ್ದಿ, ಒಂದು ಫೈಲು

ಮೊದಲ ಕೆಲಸ, ಕಾಗದಗಳನ್ನು ಒಂದೆಡೆ ಸೇರಿಸುವುದು. ಹೆಚ್ಚಿನ ಮನೆಗಳಲ್ಲಿ ಲ್ಯಾಬ್ ರಿಪೋರ್ಟ್ ಬೀರುವಿನಲ್ಲಿ, ವೈದ್ಯರ ಚೀಟಿ ಔಷಧಿ ಅಂಗಡಿಯ ಕವರಿನಲ್ಲಿ, ಇಸಿಜಿ ಹಾಸಿಗೆಯ ಕೆಳಗೆ ಇರುತ್ತದೆ. ಅವಸರದಲ್ಲಿ ಆಸ್ಪತ್ರೆಗೆ ಹೋದಾಗ ಯಾವುದೂ ಸಿಗುವುದಿಲ್ಲ. ಹಳೆಯ ಪರೀಕ್ಷೆಗಳನ್ನೇ ದುಡ್ಡು ಕೊಟ್ಟು ಮತ್ತೆ ಮಾಡಿಸಬೇಕಾಗುತ್ತದೆ.

ಒಂದು ಸಾಧಾರಣ ಫೈಲು ಸಾಕು. ಹೊಸ ಕಾಗದ ಮೇಲೆ, ಹಳೆಯದು ಕೆಳಗೆ ಬರುವಂತೆ ತಾರೀಖಿನ ಪ್ರಕಾರ ಜೋಡಿಸಬೇಕು. ಎಲ್ಲಕ್ಕಿಂತ ಮೇಲೆ ಒಂದು ಹಾಳೆಯಲ್ಲಿ ಕೈಬರಹದಲ್ಲಿ ಈ ವಿವರಗಳಿರಲಿ:

- ಹೆಸರು, ವಯಸ್ಸು, ರಕ್ತದ ಗುಂಪು, ಮನೆಯ ಇಬ್ಬರ ಫೋನ್ ನಂಬರ್
- ಯಾವ ಕಾಯಿಲೆ, ಯಾವ ವರ್ಷದಿಂದ
- ಯಾವ ಔಷಧಿ ಒಗ್ಗುವುದಿಲ್ಲ
- ಆಗಿರುವ ಶಸ್ತ್ರಚಿಕಿತ್ಸೆಗಳು
- ಈಗ ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ
- ಊಟದ ಸಮಯ ಮತ್ತು ಪಾಲಿಸುತ್ತಿರುವ ನಿಯಮಗಳು

ಮಾತ್ರೆಯ ಕಂಪನಿ ಹೆಸರಿನ ಜೊತೆಗೆ, ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನೂ ಬರೆಯಬೇಕು. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟಾನ್ ಹೀಗೆ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿರುವುದು ಈಗ ಸಾಮಾನ್ಯ. ಇಬ್ಬರು ವೈದ್ಯರು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಔಷಧಿ ಬರೆದು, ಅದನ್ನು ಎರಡು ಪಾಲು ನುಂಗುವ ಪ್ರಮಾದ ಇದರಿಂದ ತಪ್ಪುತ್ತದೆ. ಈ ಹಾಳೆಯ ಫೋಟೋ ತೆಗೆದು ಮಗ ಅಥವಾ ಮಗಳ ಮೊಬೈಲಿನಲ್ಲೂ ಇಡಬೇಕು. ಮೊಬೈಲ್ ಬಳಕೆ ಬಲ್ಲವರು 14 ಅಂಕಿಯ ಆಭಾ ಆರೋಗ್ಯ ಖಾತೆ ಮಾಡಿಸಿಕೊಂಡು ವರದಿಗಳನ್ನು ಅದಕ್ಕೆ ಜೋಡಿಸಬಹುದು. ಆದರೂ ಕಾಗದದ ಫೈಲು ಬಿಡಬಾರದು.

ಫೈಲಿನ ಜೊತೆ ಒಂದು ನೋಟ್‌ಬುಕ್. ಇದು ಕಿರ್ದಿ ಪುಸ್ತಕವಿದ್ದಂತೆ. ಗ್ಲುಕೋಮೀಟರಿನಲ್ಲಿ ನೋಡಿದ ಸಕ್ಕರೆ, ಬಿಪಿ, ತಿಂಗಳಿಗೊಮ್ಮೆ ತೂಕ. ಪಕ್ಕದಲ್ಲಿ ಒಂದು ಸಾಲು: “ಮದುವೆ ಊಟ”, “ಏಕಾಶನ”, “ಮಾತ್ರೆ ಮರೆತದ್ದು”, “ಬೆವರು ಬಂತು”. ಅಂಕಿಗಿಂತ ಈ ಒಂದು ಸಾಲೇ ವೈದ್ಯರಿಗೆ ಹೆಚ್ಚು ಹೇಳುತ್ತದೆ. ಕೆಟ್ಟ ಅಂಕಿ ಬಂದ ದಿನ ಬರೆಯದೆ ಬಿಡುವುದು, ವೈದ್ಯರ ಭೇಟಿಗೆ ನಾಲ್ಕು ದಿನ ಮೊದಲು ಮಾತ್ರ ಪಥ್ಯ ಮಾಡುವುದು, ಇವು ಸುಳ್ಳು ಲೆಕ್ಕ. ಸುಳ್ಳು ಲೆಕ್ಕ ಬರೆದ ಅಂಗಡಿಗೆ ಆಗುವ ಗತಿಯೇ ದೇಹಕ್ಕೂ ಆಗುತ್ತದೆ.

ತಿಳಿದಿರಬೇಕಾದ ಅಂಕಿಗಳು

ಖಾಲಿ ಹೊಟ್ಟೆಯ ಸಕ್ಕರೆ 80ರಿಂದ 130, ಊಟವಾದ ಒಂದೆರಡು ಗಂಟೆಯ ನಂತರ 180ರ ಒಳಗೆ ಇರುವುದು ಹೆಚ್ಚಿನ ಮಧುಮೇಹಿಗಳಿಗೆ ಇಟ್ಟಿರುವ ಗುರಿ. ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ 7ರ ಒಳಗಿದ್ದರೆ ಒಳ್ಳೆಯದು. ವಯಸ್ಸಾದವರಿಗೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ವೈದ್ಯರು 8ರವರೆಗೂ ಸಡಿಲ ಬಿಡುತ್ತಾರೆ. ಏಕೆಂದರೆ ಎಂಬತ್ತರ ವಯಸ್ಸಿನಲ್ಲಿ ಸಕ್ಕರೆ ತೀರಾ ಇಳಿಯುವುದು, ಸ್ವಲ್ಪ ಏರುವುದಕ್ಕಿಂತ ಅಪಾಯ. ಆದ್ದರಿಂದ “ನನ್ನ ಗುರಿ ಎಷ್ಟು?” ಎಂದು ವೈದ್ಯರನ್ನೇ ಕೇಳಿ ಮೊದಲ ಹಾಳೆಯಲ್ಲಿ ಬರೆದುಕೊಳ್ಳಬೇಕು. ಪಕ್ಕದ ಮನೆಯವರ ಗುರಿ ನಮ್ಮದಲ್ಲ.

70ಕ್ಕಿಂತ ಕೆಳಗಿನ ಅಂಕಿ ಎಲ್ಲರಿಗೂ ಅಪಾಯದ ಗಂಟೆ. ಇದನ್ನು ಮನೆಯ ಮಕ್ಕಳಿಗೂ ಹೇಳಿಕೊಟ್ಟಿರಬೇಕು.

ಪರೀಕ್ಷೆಗಳನ್ನು ಹಬ್ಬದ ಜೊತೆ ಕಟ್ಟಿಕೊಳ್ಳಿ

ಸಕ್ಕರೆ ಹಿಡಿತಕ್ಕೆ ಬಾರದವರು ಮೂರು ತಿಂಗಳಿಗೊಮ್ಮೆ, ಹಿಡಿತದಲ್ಲಿರುವವರು ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಬೇಕು. ತಾರೀಖು ಮರೆತುಹೋಗುತ್ತದೆ, ಹಬ್ಬ ಮರೆಯುವುದಿಲ್ಲ. ಯುಗಾದಿ, ಆಷಾಢ, ದೀಪಾವಳಿ, ಸಂಕ್ರಾಂತಿ, ಈ ನಾಲ್ಕರ ನಡುವೆ ಹೆಚ್ಚು ಕಡಿಮೆ ಮೂರು ಮೂರು ತಿಂಗಳ ಅಂತರವಿದೆ.

ಇವುಗಳಲ್ಲಿ ಆಷಾಢದ ತಪಾಸಣೆ ಬಹಳ ಮುಖ್ಯ. ಅದರ ಹಿಂದೆಯೇ ಚಾತುರ್ಮಾಸ ಬರುತ್ತದೆ, ಶ್ರಾವಣ ಭಾದ್ರಪದದ ವ್ರತಗಳು, ಷೋಡಶಕಾರಣ, ಪರ್ಯೂಷಣ, ದಶಲಕ್ಷಣ ಪರ್ವ ಬರುತ್ತವೆ. ವರ್ಷಕ್ಕೊಮ್ಮೆ ಮಾಡಿಸಬೇಕಾದ್ದನ್ನೆಲ್ಲ ಆಗಲೇ ಮುಗಿಸಿಕೊಳ್ಳುವುದು ಜಾಣತನ: ಕೊಲೆಸ್ಟರಾಲ್, ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್, ಕಣ್ಣಿಗೆ ಹನಿ ಹಾಕಿ ಮಾಡುವ ಅಕ್ಷಿಪಟಲದ ಪರೀಕ್ಷೆ, ಪಾದದ ಸ್ಪರ್ಶ ಪರೀಕ್ಷೆ, ಹಲ್ಲಿನ ತಪಾಸಣೆ. ಕಣ್ಣು ಮತ್ತು ಕಿಡ್ನಿಯ ಹಾನಿ ಆರಂಭದಲ್ಲಿ ನೋವಿಲ್ಲದೆ ನಡೆಯುತ್ತದೆ. “ಚೆನ್ನಾಗಿ ಕಾಣುತ್ತಿದೆಯಲ್ಲ” ಎಂದು ಕೂತವರು ಎಚ್ಚೆತ್ತುಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ.

ಸಸ್ಯಾಹಾರಿಗಳಾದ ನಮ್ಮವರು ಇದಕ್ಕೆ ಇನ್ನೊಂದು ಪರೀಕ್ಷೆ ಸೇರಿಸಬೇಕು, ಅದು ಬಿ12. ಈ ಜೀವಸತ್ವ ಧಾನ್ಯ ಕಾಳು ತರಕಾರಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಾಲು ಮೊಸರಿನಲ್ಲಿ ಸ್ವಲ್ಪ ಸಿಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ದೇಹ ಬಿ12 ಹೀರಿಕೊಳ್ಳುವುದೂ ಕಡಿಮೆಯಾಗುತ್ತದೆ. ಎರಡೂ ಸೇರಿದಾಗ ಕಾಲು ಜೋಮು, ನಿಶ್ಶಕ್ತಿ, ಮರೆವು ಬರಬಹುದು. “ಶುಗರಿನಿಂದ ಕಾಲು ಜೋಮು, ಏನೂ ಮಾಡಲಾಗದು” ಎಂದು ಸುಮ್ಮನಾದವರಲ್ಲಿ ಕೆಲವರದು ಬಿ12 ಕೊರತೆಯೇ ಆಗಿರಬಹುದು. ಅದಕ್ಕೆ ಮಾತ್ರೆ, ಇಂಜೆಕ್ಷನ್ ಇವೆ.

ಸೂರ್ಯಾಸ್ತಕ್ಕೆ ಮೊದಲು ಊಟ, ಮಾತ್ರೆ ಯಾವಾಗ?

ವೈದ್ಯರ ಚೀಟಿಯಲ್ಲಿ 1-0-1 ಎಂದಿರುತ್ತದೆ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ರಾತ್ರಿ ಊಟವೆಂದರೆ ಎಂಟು ಒಂಬತ್ತು ಗಂಟೆ ಎಂಬುದು ವೈದ್ಯರ ಲೆಕ್ಕ. ರಾತ್ರಿಭೋಜನ ತ್ಯಾಗವಿರುವ ಮನೆಯಲ್ಲಿ ಊಟ ಸಂಜೆ ಆರರ ಒಳಗೇ ಮುಗಿದಿರುತ್ತದೆ. ಕರ್ನಾಟಕದಲ್ಲಿ ಡಿಸೆಂಬರ್ ತಿಂಗಳಲ್ಲಿ ಆರು ಗಂಟೆಯ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. ಸಂಜೆ 5.45ಕ್ಕೆ ಊಟ ಮುಗಿಸಿ ಮರುದಿನ 7.30ಕ್ಕೆ ತಿಂಡಿ ತಿಂದರೆ ನಡುವೆ ಹದಿಮೂರು ಮುಕ್ಕಾಲು ಗಂಟೆ ಖಾಲಿ ಹೊಟ್ಟೆ.

ಬೇಗ ಊಟ ಮಾಡುವುದು ಸಕ್ಕರೆ ಕಾಯಿಲೆಗೆ ಕೆಟ್ಟದ್ದಲ್ಲ. ಮಲಗುವ ಮುನ್ನ ಹೊಟ್ಟೆ ಬಿರಿಯುವಂತೆ ತಿನ್ನುವುದಕ್ಕಿಂತ ಎಷ್ಟೋ ಮೇಲು. ತೊಂದರೆ ಬರುವುದು ಮಾತ್ರೆ ಮತ್ತು ಊಟದ ನಂಟು ತಪ್ಪಿದಾಗ. ಐದೂವರೆಗೆ ಉಂಡು, ಚೀಟಿಯಲ್ಲಿರುವಂತೆ ಎಂಟು ಗಂಟೆಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿದರೆ ನಡುರಾತ್ರಿ ಸಕ್ಕರೆ ಇಳಿಯಬಹುದು. ನಿದ್ದೆಯಲ್ಲಿ ಅದು ಗೊತ್ತಾಗುವುದಿಲ್ಲ. ಬೆಳಗ್ಗೆ ಬಟ್ಟೆ ಬೆವರಿನಿಂದ ತೊಯ್ದಿರುವುದು, ತಲೆನೋವು, ಕೆಟ್ಟ ಕನಸು ಇದರ ಸುಳಿವು. ರಾತ್ರಿಯ ಮಾತ್ರೆ ನಿಯಮಕ್ಕೆ ಅಡ್ಡಿ ಎಂದು ಯಾರಿಗೂ ಹೇಳದೆ ಬಿಟ್ಟುಬಿಡುವವರೂ ಇದ್ದಾರೆ. ಅವರಿಗೆ ಬೆಳಗಿನ ಸಕ್ಕರೆ ಏಕೆ ಇಳಿಯುತ್ತಿಲ್ಲವೆಂದು ತಿಳಿಯದೆ ವೈದ್ಯರು ಔಷಧಿ ಹೆಚ್ಚಿಸುತ್ತಾರೆ.

ಪರಿಹಾರ ಸುಲಭ. “ಸೂರ್ಯಾಸ್ತದ ನಂತರ ಏನೂ ತೆಗೆದುಕೊಳ್ಳುವುದಿಲ್ಲ, ನನ್ನ ಊಟ ಐದೂವರೆಗೆ, ತಿಂಡಿ ಏಳೂವರೆಗೆ” ಎಂದು ಮೊದಲ ಭೇಟಿಯಲ್ಲೇ ಹೇಳಬೇಕು. ದಿನಕ್ಕೊಂದೇ ಸಲ ತೆಗೆದುಕೊಳ್ಳುವ ಮಾತ್ರೆಗಳಿವೆ, ನಿಧಾನವಾಗಿ ಕೆಲಸ ಮಾಡುವ ಮಾತ್ರೆಗಳಿವೆ. ಹಗಲಿನ ಎರಡು ಊಟಕ್ಕೆ ಹೊಂದುವಂತೆ ವೈದ್ಯರು ಬಹುಮಟ್ಟಿಗೆ ಬದಲಿಸಿ ಕೊಡಬಲ್ಲರು. ಬದಲಾವಣೆ ಆದ ಮೊದಲ ವಾರ ಮಲಗುವ ಮುನ್ನ ಮತ್ತು ಬೆಳಗ್ಗೆ ಎದ್ದ ಕೂಡಲೇ ಸಕ್ಕರೆ ನೋಡಿ ಬರೆದಿಡಬೇಕು.

ಮುನಿಸಂಘ ಬಂದಾಗ ಆಹಾರದಾನಕ್ಕೆ ಅಡುಗೆ ಮಾಡುವ ಮನೆಗಳಲ್ಲೂ ಇದೇ ತೊಂದರೆ. ಮನೆಯ ಹೆಂಗಸರು ನಸುಕಿನಲ್ಲೇ ಎದ್ದು ಕೆಲಸ ಶುರು ಮಾಡುತ್ತಾರೆ, ಮುನಿಗಳ ಆಹಾರವಾದ ಮೇಲೆಯೇ ಅವರ ಊಟ. ಹನ್ನೊಂದು ಗಂಟೆಯಾದರೂ ಆಯಿತು. ಏಳು ಗಂಟೆಗೇ ಮಾತ್ರೆ ನುಂಗಿ ಒಲೆಯ ಮುಂದೆ ನಿಂತರೆ ತಲೆ ಸುತ್ತದೆ ಇರುತ್ತದೆಯೇ? ಊಟದ ಜೊತೆಗಿನ ಮಾತ್ರೆಯನ್ನು ಅಂಥ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಉಪವಾಸಕ್ಕೆ ಮೊದಲು ಮಾತ್ರೆಯ ಜಾತಿ ತಿಳಿಯಿರಿ

ಶುಗರಿನ ಮಾತ್ರೆಗಳೆಲ್ಲ ಒಂದೇ ಅಲ್ಲ. ಉಪವಾಸದ ದೃಷ್ಟಿಯಿಂದ ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ತೀರಾ ಇಳಿಯುವ ಸಂಭವ ಕಡಿಮೆ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯವು ಊಟ ಮಾಡಲಿ ಬಿಡಲಿ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಉಪವಾಸದ ದಿನ ಹೆಚ್ಚು ಅಪಾಯ ಇವುಗಳಿಂದ. ಬಸದಿಯ ಕಂಬಕ್ಕೆ ಒರಗಿದ ಶ್ರಾವಕರು ನುಂಗಿದ್ದು ಇಂಥದ್ದೇ ಮಾತ್ರೆ.

ಡಪಗ್ಲಿಫ್ಲೋಜಿನ್, ಎಂಪಗ್ಲಿಫ್ಲೋಜಿನ್ ಜಾತಿಯವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಜೊತೆಗೆ ನೀರೂ ಹೋಗುತ್ತದೆ. ನೀರನ್ನೂ ಬಿಟ್ಟು ಉಪವಾಸ ಮಾಡುವವರಿಗೆ ನಿರ್ಜಲತೆ, ದೀರ್ಘ ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಕೀಟೊ ಆಸಿಡೋಸಿಸ್ ಎಂಬ ಗಂಭೀರ ಸ್ಥಿತಿ ಬರಬಹುದು. ಆಗ ಗ್ಲುಕೋಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿರದಿದ್ದರೂ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ಸುಲಿನ್ ತೆಗೆದುಕೊಳ್ಳುವವರು ಪ್ರಮಾಣವನ್ನು ವೈದ್ಯರಿಂದಲೇ ಬದಲಿಸಿಕೊಳ್ಳಬೇಕು. ಚಿಕ್ಕಂದಿನಿಂದ ಬರುವ ಮೊದಲ ಬಗೆಯ ಮಧುಮೇಹದವರು ಊಟ ಬಿಟ್ಟೆವೆಂದು ಇನ್ಸುಲಿನ್ ಪೂರ್ತಿ ಬಿಡುವುದು ಪ್ರಾಣಾಪಾಯ.

ಇವರ ಜೊತೆ ಗರ್ಭಿಣಿಯರು, ಕಿಡ್ನಿ ತೊಂದರೆ ಮುಂದುವರಿದವರು, ಇತ್ತೀಚೆಗೆ ಹೃದಯಾಘಾತ ಆದವರು, ಸಕ್ಕರೆ ಇಳಿದು ಪ್ರಜ್ಞೆ ತಪ್ಪಿದ್ದವರು, ಒಂಟಿಯಾಗಿರುವ ವಯೋವೃದ್ಧರು ಪೂರ್ಣ ಉಪವಾಸಕ್ಕೆ ಕೈಹಾಕದಿರುವುದೇ ಕ್ಷೇಮ. ಅಟ್ಠಾಯಿಯಂತಹ ಹಲವು ದಿನಗಳ ಉಪವಾಸ ಮಧುಮೇಹಿಗಳಿಗೆ ಇನ್ನೂ ದೊಡ್ಡ ಸಾಹಸ.

ರಂಜಾನ್ ಉಪವಾಸ ಮಾಡುವ ಮಧುಮೇಹಿಗಳಿಗಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ವಿವರವಾದ ಮಾರ್ಗಸೂಚಿ ಹೊರಡಿಸಿದೆ. ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು, ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಮುರಿಯಬೇಕು ಎಂದು ಅದರಲ್ಲಿದೆ. ನಮ್ಮ ಪರ್ವಗಳಿಗೂ ಇದೇ ಅಂತರ, ಇದೇ ಮಿತಿಗಳನ್ನು ಇಟ್ಟುಕೊಂಡು ವೈದ್ಯರೊಡನೆ ಮಾತಾಡಬಹುದು. ಬೆರಳು ಚುಚ್ಚಿ ಸಕ್ಕರೆ ನೋಡುವುದು ಆಹಾರ ಸೇವನೆಯಲ್ಲ. ಅಭಿಷೇಕ, ಪೂಜೆಗೆ ನಿಲ್ಲುವವರು ಸ್ನಾನ ಮಾಡಿ ಶುದ್ಧವಸ್ತ್ರ ಉಡುವ ಮೊದಲೇ ನೋಡಿಕೊಂಡರೆ ಸಂಕೋಚವೂ ಇರದು.

ಶಕ್ತಿಗೆ ತಕ್ಕ ತಪಸ್ಸು

ಉಪವಾಸ ಮಾಡಲಾಗದು ಎಂದಾಗ ಹಿರಿಯರಿಗೆ ಆಗುವ ಸಂಕಟ ಸಣ್ಣದಲ್ಲ. ಐವತ್ತು ವರ್ಷ ತಪ್ಪದೆ ನಡೆಸಿದ ಚತುರ್ದಶಿ ಈಗ ತಪ್ಪಿತಲ್ಲ ಎಂದು ಕಣ್ಣೀರಿಡುವ ಅಜ್ಜಿಯಂದಿರಿದ್ದಾರೆ. ಮನೆಯವರು ಬೈದು ತಿನ್ನಿಸುವುದು ಇದಕ್ಕೆ ಮದ್ದಲ್ಲ. ಅವರು ಗುಟ್ಟಾಗಿ ಉಪವಾಸ ಮಾಡುತ್ತಾರೆ, ಅದು ಇನ್ನೂ ಅಪಾಯ.

ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶಕಾರಣ ಭಾವನೆಗಳಲ್ಲಿ ಒಂದು ಶಕ್ತಿತಸ್ತಪ, ಅಂದರೆ ಶಕ್ತಿಗೆ ತಕ್ಕಂತೆ ತಪಸ್ಸು. ಬಾಹ್ಯ ತಪಸ್ಸಿನ ಆರು ಬಗೆಗಳಲ್ಲಿ ಅನಶನ ಒಂದು ಮಾತ್ರ. ಅವಮೌದರ್ಯ ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು. ರಸಪರಿತ್ಯಾಗದಲ್ಲಿ ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದನ್ನೋ ಎರಡನ್ನೋ ಬಿಡುವುದು. ಮಧುಮೇಹಿಯೊಬ್ಬರು ಚಾತುರ್ಮಾಸವಿಡೀ ಸಿಹಿ ಬಿಟ್ಟರೆ ಅದು ತಪಸ್ಸೂ ಹೌದು, ಪಥ್ಯವೂ ಹೌದು. ಸ್ವಾಧ್ಯಾಯ, ಸಾಮಾಯಿಕ, ಮೌನ, ದಾನಗಳಿಗೆ ಗ್ಲುಕೋಮೀಟರ್ ಅಡ್ಡ ಬರುವುದಿಲ್ಲ.

ನಿಯಮ ತೆಗೆದುಕೊಳ್ಳುವಾಗಲೇ ಕಾಯಿಲೆಯ ವಿಷಯ ಗುರುಗಳಿಗೆ ತಿಳಿಸಿ, ಔಷಧಿಗೆ, ನೀರಿಗೆ, ತುರ್ತಿನಲ್ಲಿ ಸಕ್ಕರೆಗೆ ವಿನಾಯಿತಿ ಕೇಳಿಕೊಳ್ಳಬೇಕು. ಸಿಹಿ ಬಿಡುವ ನಿಯಮಕ್ಕೂ ಈ ವಿನಾಯಿತಿ ಬೇಕು. ಶ್ವೇತಾಂಬರ ಸಂಪ್ರದಾಯದ ಪಚ್ಚಕ್ಖಾಣದಲ್ಲಿ ಆಗಾರಗಳನ್ನು ಹೇಳಿಯೇ ನಿಯಮ ಕೊಡುವ ಪದ್ಧತಿ ಇದೆ. ಮೊದಲೇ ಇಟ್ಟುಕೊಂಡ ವಿನಾಯಿತಿಯಿಂದ ವ್ರತಭಂಗದ ಭಯ ಇರುವುದಿಲ್ಲ. ನಡುರಾತ್ರಿ ಸಕ್ಕರೆ ಇಳಿದಾಗ “ಬೇಡ, ನಿಯಮವಿದೆ” ಎಂದು ಬಾಯಿ ಮುಚ್ಚಿಕೊಳ್ಳುವ ಪ್ರಸಂಗವೂ ಬಾರದು.

ಸಕ್ಕರೆ ಇಳಿದಾಗ ಏನು ಮಾಡಬೇಕು

ಬೆವರು, ನಡುಕ, ಎದೆಬಡಿತ, ತಟ್ಟನೆ ಹಸಿವು, ಕಣ್ಣು ಮಂಜು, ಕಾರಣವಿಲ್ಲದ ಸಿಟ್ಟು, ಗೊಂದಲದ ಮಾತು. ಇವುಗಳಲ್ಲಿ ಯಾವುದಾದರೂ ಕಂಡರೆ ಸಕ್ಕರೆ ನೋಡಬೇಕು. ಮೀಟರ್ ಕೈಗೆ ಸಿಗದಿದ್ದರೆ ಇಳಿದಿದೆ ಎಂದೇ ತಿಳಿದು ನಡೆಯಬೇಕು.

15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, 70 ದಾಟದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕು. ಸರಿಯಾದ ಮೇಲೆ ಏನಾದರೂ ಆಹಾರ ಕೊಡಬೇಕು. ಕೆಲವೆಡೆ ಜೇನುತುಪ್ಪ ಕೊಡಿ ಎನ್ನುತ್ತಾರೆ, ಜೇನು ಸೇವಿಸದ ನಮ್ಮ ಮನೆಗಳಲ್ಲಿ ಸಕ್ಕರೆಯೇ ಸಾಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯಬಹುದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಬಸದಿಗಳಲ್ಲಿ, ಸಮುದಾಯ ಭವನಗಳಲ್ಲಿ ಪರ್ವದ ದಿನಗಳಲ್ಲಿ ಒಂದು ಗ್ಲುಕೋಮೀಟರ್, ಒಂದು ಪೊಟ್ಟಣ ಗ್ಲೂಕೋಸ್ ಇಟ್ಟು, ಇಬ್ಬರು ಯುವಕರಿಗೆ ಬಳಕೆ ಕಲಿಸಿದರೆ ಆಗುವ ಖರ್ಚು ಒಂದು ಹೂವಿನ ಅಲಂಕಾರದಷ್ಟೂ ಇಲ್ಲ.

ಬರಿಗಾಲು ಮತ್ತು ಯಾತ್ರೆ

ಹಳೆಯ ಮಧುಮೇಹದಲ್ಲಿ ಪಾದದ ಸ್ಪರ್ಶ ಕುಗ್ಗುತ್ತದೆ. ಬಿಸಿ ಕಲ್ಲು ಸುಟ್ಟರೂ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಚಪ್ಪಲಿ ಕೆಳಗೇ ಬಿಡಬೇಕು. ಬೇಸಿಗೆಯ ಮಧ್ಯಾಹ್ನ ಆ ಬಂಡೆ ಕಾದ ಹಂಚು. ಬೆಳಗಿನ ತಂಪಿನಲ್ಲೇ ಹತ್ತಿ ಇಳಿಯಬೇಕು, ಹತ್ತಿಯ ದಪ್ಪ ಕಾಲುಚೀಲ ಹಾಕಬೇಕು, ಆಗದವರು ಡೋಲಿ ಬಳಸಬೇಕು. ಇಳಿದ ಮೇಲೆ ಎರಡೂ ಪಾದಗಳನ್ನು, ಬೆರಳ ಸಂದುಗಳನ್ನು ನೋಡಬೇಕು. ಬಗ್ಗಲು ಆಗದಿದ್ದರೆ ಕನ್ನಡಿ ಇಟ್ಟು ನೋಡಬಹುದು. ಸಣ್ಣ ಗುಳ್ಳೆಯೂ ಎರಡು ದಿನದಲ್ಲಿ ಒಣಗದಿದ್ದರೆ ವೈದ್ಯರಿಗೆ ತೋರಿಸಬೇಕು. ಮನೆಯಲ್ಲೂ ದಿನಾ ರಾತ್ರಿ ಪಾದ ನೋಡಿಕೊಳ್ಳುವುದು ರೂಢಿಯಾಗಬೇಕು.

ಸಮ್ಮೇದ ಶಿಖರ್ಜಿಯ ಪರ್ವತ ವಂದನೆ ಒಟ್ಟು 27 ಕಿಲೋಮೀಟರ್. ನಡುರಾತ್ರಿ ಕಳೆದು ಹೊರಟರೆ ಮಧ್ಯಾಹ್ನದವರೆಗೂ ನಡಿಗೆ. ಇಷ್ಟು ನಡೆದಾಗ ಸಕ್ಕರೆ ಬಹಳ ಇಳಿಯುತ್ತದೆ. ಆ ದಿನದ ಮಾತ್ರೆ ಎಷ್ಟು ಎಂಬುದನ್ನು ಊರಲ್ಲೇ ಕೇಳಿಕೊಂಡು, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡು, ಜೊತೆಯವರಿಗೆ ಹೇಳಿಯೇ ಹೊರಡಬೇಕು. ಮಾತ್ರೆಗಳನ್ನು ರೈಲಿನಲ್ಲಿ ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಬೇಕು, ಒಂದು ವಾರದ್ದು ಹೆಚ್ಚಿಗೆ ಇರಲಿ.

ಔಷಧಿಯಲ್ಲಿ ಹಿಂಸೆಯ ಪ್ರಶ್ನೆ

“ಇನ್ಸುಲಿನ್ ಪ್ರಾಣಿಯಿಂದ ಬರುತ್ತದೆ” ಎಂದು ಅದನ್ನು ನಿರಾಕರಿಸುವವರು ಈಗಲೂ ಇದ್ದಾರೆ. ಹಿಂದೆ ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾನವ ಇನ್ಸುಲಿನ್‌ನಿಂದ ಆ ಕಾಲ ಬದಲಾಯಿತು. ಇಂದು ಬಳಕೆಯಲ್ಲಿರುವುದು ಬ್ಯಾಕ್ಟೀರಿಯಾ ಅಥವಾ ಯೀಸ್ಟ್ ಬಳಸಿ ತಯಾರಿಸಿದ್ದು. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಮಾರುಕಟ್ಟೆಗೆ ತಂದದ್ದೂ ಇಂಥದ್ದೇ.

ಕ್ಯಾಪ್ಸೂಲ್‌ಗಳ ಹೊರಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಾಟಿನ್‌ನಿಂದ ಆಗಿರುತ್ತದೆ. ಸಸ್ಯಮೂಲದ ಕವಚಗಳೂ ಬಂದಿವೆ. ಅನೇಕ ಔಷಧಿಗಳು ಮಾತ್ರೆಯ ರೂಪದಲ್ಲೂ ಸಿಗುತ್ತವೆ. ಇದನ್ನು ವೈದ್ಯರ ಬಳಿ ನಾಚಿಕೆಯಿಲ್ಲದೆ ಕೇಳಬಹುದು. ಕೇಳದೆ, ಹೇಳದೆ ಔಷಧಿ ನಿಲ್ಲಿಸುವುದು ಮಾತ್ರ ತಪ್ಪು.

ಖರ್ಚು ಮತ್ತು ವಿಮೆ

ದಿನಾ ನುಂಗುವ ಮಾತ್ರೆಗಳ ಖರ್ಚು ವರ್ಷಕ್ಕೆ ದೊಡ್ಡ ಮೊತ್ತವಾಗುತ್ತದೆ. ಜನೌಷಧಿ ಕೇಂದ್ರಗಳಲ್ಲಿ ಅದೇ ಮೂಲ ಔಷಧಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ, ಮೂಲ ಹೆಸರು ಬರೆದಿಟ್ಟುಕೊಂಡದ್ದು ಇಲ್ಲಿ ನೆರವಿಗೆ ಬರುತ್ತದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ವಿಭಾಗದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.

ಆರೋಗ್ಯ ವಿಮೆ ಮಾಡಿಸುವಾಗ ಕಾಯಿಲೆಯನ್ನು ಮುಚ್ಚಿಡಬಾರದು. ಮುಚ್ಚಿಟ್ಟದ್ದು ಕ್ಲೇಮಿನ ಹೊತ್ತಿಗೆ ಹೊರಬಂದರೆ ಕಟ್ಟಿದ ಕಂತೆಲ್ಲ ನೀರುಪಾಲು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹಳೆಯ ಕಾಯಿಲೆಗಳ ಕಾಯುವ ಅವಧಿಯ ಮಿತಿಯನ್ನು ನಾಲ್ಕು ವರ್ಷದಿಂದ ಮೂರು ವರ್ಷಕ್ಕೆ ಇಳಿಸಿದೆ. ಸತ್ಯ ಬರೆದವರಿಗೆ ಇದರಿಂದ ಅನುಕೂಲವೇ ಆಗಿದೆ.

ಮನೆಯೊಡತಿಯ ಮಾತ್ರೆ

ಒಂದು ಮಾತು ಮನೆಯ ಗಂಡಸರಿಗೆ. ಯಜಮಾನರ ಮಾತ್ರೆ, ಅತ್ತೆಯವರ ಹನಿ, ಮೊಮ್ಮಗುವಿನ ಲಸಿಕೆ ಎಲ್ಲವನ್ನೂ ನೆನಪಿಡುವ ಮನೆಯೊಡತಿಯ ಸ್ವಂತ ಫೈಲು ಎಷ್ಟೋ ಮನೆಗಳಲ್ಲಿ ಇರುವುದೇ ಇಲ್ಲ. “ನನಗೇನಾಗಿದೆ, ಸ್ವಲ್ಪ ಶುಗರ್ ಅಷ್ಟೇ” ಎಂದು ತಳ್ಳಿಹಾಕುತ್ತಾರೆ. ವೈಯಾವೃತ್ಯ ಮುನಿಗಳ ಸೇವೆಗಷ್ಟೇ ಮೀಸಲಾದ ಮಾತಲ್ಲ. ಆಷಾಢದ ತಪಾಸಣೆಗೆ ಇಬ್ಬರೂ ಒಟ್ಟಿಗೆ ಹೋಗಬೇಕು, ಎರಡು ಫೈಲು ಇರಬೇಕು.

ವೈದ್ಯರ ಬಳಿ ಹೋಗುವ ಹಿಂದಿನ ದಿನ ಮೂರು ಪ್ರಶ್ನೆ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ. ನನ್ನ ಗುರಿಯ ಅಂಕಿ ಎಷ್ಟು? ನನ್ನ ಊಟದ ಹೊತ್ತಿಗೆ ಈ ಮಾತ್ರೆ ಹೊಂದುತ್ತದೆಯೇ? ಮುಂದಿನ ಪರ್ವದಲ್ಲಿ ಏನು ಮಾಡಬಹುದು, ಏನು ಬೇಡ? ಉತ್ತರಗಳನ್ನು ಅಲ್ಲಿಯೇ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮನೆಗೆ ಬಂದು ಒಮ್ಮೆ ಎಲ್ಲರಿಗೂ ಓದಿ ಹೇಳಬೇಕು. ಮುಂದಿನ ಅನಂತ ಚತುರ್ದಶಿಯಂದು ಬಸದಿಯ ಕಂಬಕ್ಕೆ ಒರಗಿದವರ ಪಕ್ಕದಲ್ಲಿ ಅದನ್ನು ಕೇಳಿಸಿಕೊಂಡ ಒಬ್ಬರಿದ್ದರೆ ಸಾಕು.

ಜೈ ಜಿನೇಂದ್ರ.